ಹಳೆ ಕಾರಿಗೆ ಪೆಟ್ರೋಲ್ ಬರುತ್ತಿಲ್ಲವೇ? ಪಂಪ್ ಬದಲಿಸುವ ಮುಂಚೆ ಇಷ್ಟು ನೋಡಿ

ನಿಂತಲ್ಲಿ ಸಲೀಸಾಗಿ ಓಡುವ ಎಂಜಿನ್, ಏರು ಸಿಕ್ಕ ಕೂಡಲೇ ಎಳೆಯಲಾರದೆ ಜರ್ಕ್ ಹೊಡೆದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ನೋಡಿದವರೆಲ್ಲ ಹೇಳುವುದು ‘ಪಂಪ್ ಹೋಗಿದೆ’ ಅಂತ. ನಾನೂ ಒಮ್ಮೆ ನಂಬಿ ಹೊಸ ಪಂಪ್ ಹಾಕಿದೆ. ಕಾಯಿಲೆ ಇದ್ದದ್ದು ಟ್ಯಾಂಕಿನ ಪಕ್ಕದ ಗೇಣುದ್ದ ರಬ್ಬರ್ ಪೈಪಿನಲ್ಲಿ! ಆಮೇಲಿಂದ ಎಂಜಿನ್ ತುದಿಯಿಂದ ಹಿಡಿದು ಟ್ಯಾಂಕಿನವರೆಗೆ ಹಿಮ್ಮುಖವಾಗಿ ಹುಡುಕುತ್ತೇನೆ.

ಗಾಡಿ ಬಯಲಲ್ಲಿರಲಿ, ಎಂಜಿನ್ ತಣ್ಣಗಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ಮೊದಲು ಕಾರ್ಬ್ಯುರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು, ಮುಖ ದೂರ ಇಟ್ಟು, ಒಳಗೆ ಟಾರ್ಚ್ ಬಿಡಿ. ಆಕ್ಸಿಲರೇಟರ್ ಕಡ್ಡಿಯನ್ನು ಕೈಯಲ್ಲಿ ಎಳೆದಾಗ ದಾರದಷ್ಟು ತೆಳ್ಳಗಿನ ಧಾರೆ ಚಿಮ್ಮಿದರೆ ಬೌಲ್‌ಗೆ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಬಂದಿದೆ ಎಂದರ್ಥ. ಆದರೂ ಎಂಜಿನ್ ಹತ್ತುತ್ತಿಲ್ಲವೆಂದರೆ ಸ್ಪಾರ್ಕ್ ನೋಡಿ.

ಧಾರೆ ಇಲ್ಲವೇ? ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಡಿ. ಕಿಡಿ ಹಾರದಂತೆ, ಸ್ಪಾರ್ಕ್‌ಗೆ ಕರೆಂಟ್ ಕೊಡುವ ಕಾಯಿಲ್‌ನ ಪ್ಲಸ್ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ. ಇನ್ನೊಬ್ಬರು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ಎಂಜಿನ್ ತಿರುಗಿದಾಗ ನಡೆಯುವ ಮೆಕ್ಯಾನಿಕಲ್ ಪಂಪ್ ಒಳ್ಳೆಯದಿದ್ದರೆ ಗುಟುಕು ಗುಟುಕಾಗಿ, ರಭಸದಿಂದ ಉಗುಳುತ್ತದೆ.

ಪೆಟ್ರೋಲ್ ಜೊತೆ ಗುಳ್ಳೆಗಳು ಬರುತ್ತಲೇ ಇದ್ದರೆ ಗಮನಿಸಿ, ಇಲ್ಲೇ ಹೆಚ್ಚಿನವರು ಎಡವುವುದು. ಪಂಪಿನಿಂದ ಮುಂದಿನ ಪೈಪ್ ಸೀಳಿದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ವಾಸನೆ ಬರುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನದು ಎಳೆಯುವ ಕಡೆಯ ಪೈಪ್. ಅದು ಸೀಳಿದರೆ ಒಳಗೆ ಗಾಳಿ ಸೇರುತ್ತದೆ, ಹೊರಗೆ ಒಂದು ಹನಿಯೂ ಕಾಣದಿರಬಹುದು. ಕ್ಲಿಪ್ ಹತ್ತಿರ ಪೈಪನ್ನು ಬಾಗಿಸಿ ನೋಡಿ. ನನ್ನ ಕಾರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಗಿಸಿದ ಮೇಲೆಯೇ ಬಾಯಿ ಬಿಟ್ಟವು. ಅನುಮಾನ ಉಳಿದರೆ ಪಂಪಿಗೆ ಹೊಸ ಪೈಪ್ ಸಿಕ್ಕಿಸಿ ಪಕ್ಕದ ಕ್ಯಾನಿನಿಂದ ಪೆಟ್ರೋಲ್ ಕೊಡಿ. ಗುಳ್ಳೆ ನಿಂತರೆ ಪಂಪ್ ನಿರಪರಾಧಿ.

ಗುಳ್ಳೆ ಇಲ್ಲ, ಧಾರೆ ಮಾತ್ರ ಬಡಕಲು ಎಂದಾದರೆ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹಿಮ್ಮುಖವಾಗಿ ಸುರಿಯಿರಿ. ಕೆಂಪು ಪುಡಿ ಉದುರಿದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಫಿಲ್ಟರ್ ಒಂದನ್ನೇ ಬದಲಿಸಿದರೆ ತಿಂಗಳೊಪ್ಪತ್ತಿನಲ್ಲಿ ಅದೇ ಕಥೆ. ಗಾಡಿ ನಿಂತ ಕ್ಷಣ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಗಾಳಿಕಿಂಡಿ ಕಟ್ಟಿದೆ.

ಇಷ್ಟೆಲ್ಲ ಸರಿಯಿದ್ದರೆ ಪಂಪ್ ಬಿಚ್ಚಿ. ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಪೆಟ್ರೋಲ್ ವಾಸನೆ ಹೊಡೆದರೆ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹರಿದಿರಬಹುದು. ಆಯಿಲ್ ಬದಲಿಸದೆ ಎಂಜಿನ್ ಓಡಿಸಬೇಡಿ.

ಕಾರ್ಬ್ಯುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಯಾದರೆ ಬಾಟಲಿ ಪರೀಕ್ಷೆಯ ಸಹವಾಸ ಬೇಡ. ಅಲ್ಲಿ ಪೈಪಿನೊಳಗೆ ಸಾಮಾನ್ಯವಾಗಿ 2.5ರಿಂದ 4 ಬಾರ್ ಒತ್ತಡ ಇರುತ್ತದೆ, ಬಿಚ್ಚಿದರೆ ಮೈಮೇಲೆಲ್ಲ ಸಿಡಿಯುತ್ತದೆ. ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ: ಬಹುತೇಕ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಎರಡು ಸೆಕೆಂಡ್ ‘ಗುಂಯ್’ ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್), ಕನೆಕ್ಟರ್ ನೋಡಿ. ಟ್ಯಾಂಕ್ ಇಳಿಸುವ ಮಾತು ಆಮೇಲೆ.