ಆರು ಮೂಲೆ ಬಿಟ್ಟ ಮೇಲೆ

ಉಡುಪಿಯಿಂದ ಪೂರ್ವಕ್ಕೆ, ಒಂದು ಪದವಿನ (ಗುಡ್ಡದ ನೆತ್ತಿಯ ಬಯಲಿನ) ಮೇಲೆ ವೀಕ್ಷಣಾ ಗೋಪುರ ಕಟ್ಟಬೇಕೆಂದು ಜಾಗದ ಯಜಮಾನರು ಕರೆದಾಗ ನಾನು ಒಯ್ದ ಮೊದಲ ನಕ್ಷೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಹಾಗೆಯೇ ಎತ್ತಿ ಗುಡ್ಡಕ್ಕೆ ತಂದು ನಿಲ್ಲಿಸಿದ್ದೆ. ಕಾಂಕ್ರೀಟಿನ 19 ಷಟ್ಕೋನ ಕಂಬಗಳು, ಒಂದಕ್ಕಿಂತ ಒಂದು ಎತ್ತರ, ಮೇಲೆ ಕಪ್ಪು ಬಣ್ಣ. ಯಜಮಾನರಿಗೆ ಬಹಳ ಹಿಡಿಸಿತು. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಲಸದ ಮೇಸ್ತ್ರಿ ಮಾತ್ರ ನಕ್ಷೆಯನ್ನು ಮೊದಲು ತಲೆಕೆಳಗಾಗಿ, ಆಮೇಲೆ ನೆಟ್ಟಗೆ ಹಿಡಿದು ನೋಡಿ, "ಆರು ಮೂಲೆ ಮಾಡಿದರೆ ಆರು ಕಡೆ ಸೋರುತ್ತದೆ" ಎಂದರು.

ಮಾತು ಚುಚ್ಚಿತು. ಮರುವಾರ ದೋಣಿ ಹತ್ತಿ ದ್ವೀಪಕ್ಕೇ ಹೋದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಹರಿದ ಲಾವಾ ಅದು. ತಣಿಯುತ್ತ ಕುಗ್ಗಿ, ಕೆಸರಿನ ಗದ್ದೆ ಬೇಸಗೆಯಲ್ಲಿ ಬಿರಿಯುವಂತೆ ಬಿರಿದು ಕಂಬಗಳಾಗಿದೆ. ಎಣಿಸುತ್ತ ಹೋದರೆ ಎಲ್ಲಕ್ಕೂ ಆರು ಮುಖವಿಲ್ಲ. ಐದಿವೆ, ಏಳೂ ಇವೆ. (ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಬಸಾಲ್ಟ್ ಎಂದೇ ಕರೆದಿದ್ದಾರೆ, ಆಮೇಲಿನ ಅಧ್ಯಯನಗಳ ಪ್ರಕಾರ ಇದು ರಯೋಲೈಟ್, ಡೇಸೈಟ್ ಜಾತಿಯ ಕಲ್ಲು.) ಆ ಆಕಾರವನ್ನು ಮಾಡಿದ್ದು ತಣಿಯುವ ಕ್ರಿಯೆ. ಅಚ್ಚಿಗೆ ಸುರಿದ ಕಾಂಕ್ರೀಟಿಗೆ ಅದೇ ಆಕಾರ ಕೊಟ್ಟರೆ ವೇಷ ಕಟ್ಟಿದ ಹಾಗೆ, ಅದೂ ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಿಂದ ಹೊರಗೆ ಬರಲು ಯೋಗ್ಯವಲ್ಲದ ವೇಷ.

ಹಾಗಾದರೆ ಈ ಪದವಿನ ಕಲ್ಲು ಯಾವುದು? ಉತ್ತರ ಜಾಗದ ಮೂಲೆಯಲ್ಲೇ ಇತ್ತು. ಅಲ್ಲೊಂದು ಪಾಳುಬಿದ್ದ ಮುರಕಲ್ಲು ಕೋರೆ, 16 ಅಡಿ ಆಳ. ಅದನ್ನು ಮಣ್ಣು ತುಂಬಿಸಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ನಾನೇ ಗುರುತು ಹಾಕಿದ್ದೆ. ಜನವರಿಯ ಒಂದು ಬೆಳಿಗ್ಗೆ ಏಣಿಯಿಟ್ಟು ಇಳಿದೆ. ಮೇಲೆ ಕಬ್ಬಿಣದ ಕಿಟ್ಟದಂತಹ ಕಪ್ಪುಗೆಂಪು ಪದರ. ಅದರ ಕೆಳಗೆ ಜೇನುಗೂಡಿನಂತೆ ತೂತುತೂತಾದ ಕೆಂಪು, ನಡುನಡುವೆ ಹಳದಿ ಮಚ್ಚೆಗಳು. ತಳದಲ್ಲಿ ಬಿಳಿಯೂ ಅಲ್ಲದ ಗುಲಾಬಿಯೂ ಅಲ್ಲದ ಶೇಡಿ ಮಣ್ಣು. ಬೆರಳಿನಿಂದ ಉಜ್ಜಿದರೆ ಪೌಡರಿನಂತೆ ಅಂಟಿತು. ಲಕ್ಷಾಂತರ ವರ್ಷಗಳ ಮಳೆ ಬಂಡೆಯ ಕರಗುವ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಉಳಿಸಿದ್ದರ ಲೆಕ್ಕಪತ್ರವೇ ಆ ಗೋಡೆ. 1800ರಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ ಎಂಬ ಅದರ ಗುಣವನ್ನೂ ಅವನು ಬರೆದಿಟ್ಟಿದ್ದಾನೆ. ನಮ್ಮ ಕೋರೆಯವರಿಗೆ ಅದು ಬರೆದಿಡುವಂತಹ ಸಂಗತಿಯೇ ಅಲ್ಲ.

ಗೋಪುರವನ್ನು ಕೋರೆಯ ತಳದಿಂದಲೇ ಎಬ್ಬಿಸುವುದೆಂದು ಅಲ್ಲೇ ನಿಂತು ನಿಶ್ಚಯಿಸಿದೆ. ಒಟ್ಟು ಎತ್ತರ 36 ಅಡಿ, ನೆಲದಿಂದ ಮೇಲೆ ಕಾಣುವುದು 20 ಮಾತ್ರ. ಕೋರೆಯ ಗೋಡೆಗೂ ಗೋಪುರದ ಗೋಡೆಗೂ ನಡುವೆ 4 ಅಡಿ ಅಗಲದ ಮೆಟ್ಟಿಲು. ಹತ್ತುವವರ ಕೈ ಮೊದಲು ಶೇಡಿಗೆ, ಆಮೇಲೆ ಮೆದು ಕೆಂಪಿಗೆ, ಕೊನೆಗೆ ಕಿಟ್ಟಕ್ಕೆ ತಾಗಬೇಕು. "ಹೊಂಡಕ್ಕೆ ಇಳಿದು ಕಡಲು ನೋಡುವುದೇ?" ಎಂದು ಯಜಮಾನರು ಎರಡು ತಿಂಗಳು ಒಪ್ಪಲಿಲ್ಲ. ಹೊಂಡ ತುಂಬಿಸುವ ಖರ್ಚು ಉಳಿಯುತ್ತದೆ ಎಂದ ದಿನ ಒಪ್ಪಿದರು.

ಮೇಲ್ಭಾಗದ ಪಾಠ ಮಂಗಳೂರಿನ ಬೋಳೂರಿನಿಂದ ಬಂತು. ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಕಾವಲುಗೋಪುರವಾದರೂ ಗಿಡ್ಡ. ದಪ್ಪ ಗೋಡೆ, ಅದರಲ್ಲಿ ತೋಪಿನ ಕಿಂಡಿಗಳು. ಒಂದು ಕಿಂಡಿಯಲ್ಲಿ ಕಣ್ಣಿಟ್ಟರೆ ಕಾಣುವುದು ನದಿಯ ಒಂದು ತುಂಡು ಮಾತ್ರ, ಆದರೆ ಆ ತುಂಡನ್ನು ಬಿಟ್ಟು ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲೂ ತೆರೆದ ಮಾಳಿಗೆಗಿಂತ ಕೆಳಗೆ ಎರಡೇ ಕಿಂಡಿ ಇಟ್ಟೆ: ಪಡುವಣದ್ದು ದ್ವೀಪದ ದಿಕ್ಕಿಗೆ, ಮೂಡಣದ್ದು ಕುದುರೆಮುಖದ ಸಾಲಿಗೆ.

ಕಷ್ಟ ಕೊಟ್ಟದ್ದು ಶೇಡಿ. ಒಣಗಿದ್ದಾಗ ಹಾರೆಗೂ ಜಗ್ಗದ ಈ ಮಣ್ಣು ನೀರು ಕುಡಿದರೆ ಬಲವನ್ನೆಲ್ಲ ಬಿಟ್ಟುಕೊಡುತ್ತದೆ. ಗುಡ್ಡ ಕಡಿದು ಮನೆ ಕಟ್ಟಿದವರು ಮಳೆಗಾಲದಲ್ಲಿ ಅದನ್ನು ಕಂಡಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸಿ, ಬಿಡಿ ಅಡಿಪಾಯ ಬಿಟ್ಟು ಇಡೀ ತಳಕ್ಕೆ ಕಾಂಕ್ರೀಟಿನ ಒಂದೇ ಹಾಸು ಹಾಕಿದೆವು. ಸುತ್ತಲೂ ಚರಂಡಿ, ಅದರ ನೀರು ಗುಡ್ಡದ ಇಳಿಜಾರಿಗೆ. ಕೋರೆಯ ಗೋಡೆಯಲ್ಲಿ ಶೇಡಿ ಇರುವಲ್ಲೆಲ್ಲ ಮುರಕಲ್ಲಿನ ತಡೆಗೋಡೆ ಕಟ್ಟಿ, ಮುಟ್ಟಿ ನೋಡಲು 3 ಅಡಿಯ ಒಂದು ಪಟ್ಟಿ ಮಾತ್ರ ಬಿಟ್ಟು, ಅದಕ್ಕೆ ಚಜ್ಜಾ ಕೊಟ್ಟೆವು.

ಕಲ್ಲು ಆರಿಸುವುದು ಮೇಸ್ತ್ರಿಯ ಪಾಲು. ಭಾರತೀಯ ಮಾನಕದಂತೆ ಮುರಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು. ಪ್ರಯೋಗಾಲಯದ ವರದಿ ನನ್ನ ಚೀಲದಲ್ಲಿತ್ತು. ಮೇಸ್ತ್ರಿ ಕೊಡಲಿಯ ಹಿಂಬದಿಯಿಂದ ಒಂದೊಂದು ಕಲ್ಲಿಗೂ ಕುಟ್ಟಿ, ಟಣ್ ಎಂದದ್ದನ್ನು ಬಲಕ್ಕೆ, ದಬ್ ಎಂದದ್ದನ್ನು ಎಡಕ್ಕೆ ಹಾಕಿದರು. ತೂತಿನಲ್ಲಿ ಬಿಳಿ ಜೇಡಿ ತುಂಬಿದ ಕಲ್ಲಾದರೆ ಕುಟ್ಟಲೂ ಇಲ್ಲ. ಲೋಡಿನಲ್ಲಿ ಕಾಲುಭಾಗ ಹಿಂದಕ್ಕೆ ಹೋಯಿತು, ಲಾರಿಯವನ ಮುಖ ಸಣ್ಣದಾಯಿತು.

ಮೊದಲ ಮಳೆಗಾಲದಲ್ಲಿ ಸೋರಿದ್ದು ಗೋಡೆಯಲ್ಲ, ನನ್ನ ಪಡುವಣ ಕಿಂಡಿ. ಅದರ ತಳವನ್ನು ನಾನು ಸಮತಟ್ಟಾಗಿ ಬರೆದಿದ್ದೆ. ಜೂನ್ ಗಾಳಿ ಮಳೆಯನ್ನು ಅಡ್ಡಡ್ಡವಾಗಿ ಒಳಗೆ ಎರಚಿ, ಮೆಟ್ಟಿಲೆಲ್ಲ ಪಾಚಿಗಟ್ಟಿ, ಆ ತಿಂಗಳಲ್ಲಿ ಜಾರಿಬಿದ್ದ ಒಬ್ಬನೇ ಒಬ್ಬ ನಾನು. ಮೇಸ್ತ್ರಿ ಬಂದು ಕಿಂಡಿಯ ತಳವನ್ನು ಹೊರಕ್ಕೆ ಇಳಿಜಾರಾಗಿ ಕೆತ್ತಿ, ಮೂಲೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಕೊರೆದರು. ಒಂದು ಚೊಂಬು ನೀರು ಸುರಿದು ಅದು ಹೊರಗೆ ಬೀಳುವುದನ್ನು ನೋಡಿದರು. ಆಮೇಲೆ ಬಗ್ಗಿ ಕಿಂಡಿಗೆ ಕಣ್ಣಿಟ್ಟು, ಮೋಡದಲ್ಲಿ ದ್ವೀಪ ಕಾಣುವುದಿಲ್ಲವೆಂದು ಗೊತ್ತಿದ್ದರೂ, ಸ್ವಲ್ಪ ಹೊತ್ತು ಹಾಗೆಯೇ ಇದ್ದರು.