ಮಾಣಿಕ್ಯ ಕೊಳ್ಳುವ ಮುನ್ನ ಲೂಪ್‌ನಲ್ಲಿ ಏನು ನೋಡಬೇಕು?

ಅಂಗಡಿಯ ದೀಪದಡಿ ಕೆಂಡದಂತೆ ಹೊಳೆಯುವ ಮಾಣಿಕ್ಯ ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಬೆಲೆ ಕೇಳುವ ಮೊದಲು, ‘ಇದಕ್ಕೆ ಏನು ಮಾಡಿದ್ದೀರಿ?’ ಎಂದು ಕೇಳಿ. ಸಂಕೋಚ ಬೇಡ.

ಕಾಯಿಸಿದ್ದೇವೆ ಎಂದರೆ ಗಾಬರಿಯಾಗಬೇಡಿ. ಕಾಯಿಸಿದ ಕಲ್ಲು ನಕಲಿ ಅಲ್ಲ. ಊದುಕೊಳವೆಯಿಂದ ಇದ್ದಿಲ ಕೆಂಡ ಊದಿ ಮಾಣಿಕ್ಯದ ನೀಲಿ ಛಾಯೆ ಕಳೆಯುವ ಕಸುಬು ಶ್ರೀಲಂಕಾದಲ್ಲಿ ಶತಮಾನಗಳಷ್ಟು ಹಳೆಯದು. ಈಗ ಕುಲುಮೆಯಲ್ಲಿ 1,600 ಡಿಗ್ರಿ ಸೆಲ್ಸಿಯಸ್ ದಾಟಿಸುವುದೂ ಉಂಟು. ಹಾಗೆ ಬಂದ ಬಣ್ಣ ಮಾಸುವುದಿಲ್ಲ.

ಮೋಸ ಹೋಗುವುದು ಸೀಸದ ಗಾಜು ತುಂಬಿದ ಮಾಣಿಕ್ಯದಲ್ಲಿ. 2004ರ ಸುಮಾರಿಗೆ ಇದು ಮಾರುಕಟ್ಟೆಗೆ ಬಂತು. ತುಂಬ ಬಿರುಕು ಬಿಟ್ಟು ಮಬ್ಬಾದ ಅಗ್ಗದ ಕಲ್ಲನ್ನು ಆಮ್ಲದಲ್ಲಿ ತೊಳೆದು, ಬಿರುಕಿನೊಳಕ್ಕೆ ಕರಗಿದ ಗಾಜು ಇಳಿಸುತ್ತಾರೆ. ಈ ಗಾಜು ಬೆಳಕನ್ನು ಹೆಚ್ಚುಕಡಿಮೆ ಮಾಣಿಕ್ಯದಷ್ಟೇ ಬಾಗಿಸುತ್ತದೆ. ಹಾಗಾಗಿ ಬರಿಗಣ್ಣಿಗೆ ಬಿರುಕೇ ಕಾಣುವುದಿಲ್ಲ!

ಇದನ್ನು ಹಿಡಿಯಲು 10 ಪಟ್ಟು ಹಿಗ್ಗಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಸಾಕು. ಕಲ್ಲನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಲಿ. ಈಗ ಕಲ್ಲನ್ನು ತುಂಬ ನಿಧಾನಕ್ಕೆ ತಿರುಗಿಸಿ. ಯಾವುದೋ ಒಂದು ಓರೆಯಲ್ಲಿ, ಬಿರುಕಿನಗುಂಟ ನೀಲಿ ಮಿಂಚೊಂದು ಸುಳಿದು ಮಾಯವಾದೀತು. ಪಕ್ಕದಲ್ಲೇ ಚಪ್ಪಟೆ ಗುಳ್ಳೆಗಳೂ ಇದ್ದರೆ ಅದು ಗಾಜು ಎಂದೇ ತಿಳಿಯಿರಿ. ಕಲ್ಲಿನ ಮೇಲ್ಮೈಯನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿನ ಗೆರೆ ಸುತ್ತಲಿನ ಕಲ್ಲಿಗಿಂತ ಮಂಕಾಗಿರುತ್ತದೆ.

ಇನ್ನು, ಕಲ್ಲಿನೊಳಗೆ ಕೂದಲಿಗಿಂತ ತೆಳ್ಳನೆಯ ಸೂಜಿಗಳು ಕಂಡರೆ ಅವಕ್ಕೆ ‘ರೇಷ್ಮೆ’ ಅನ್ನುತ್ತಾರೆ. ಅವು ಇಡಿಯಾಗಿದ್ದರೆ ಜಾಸ್ತಿ ಬಿಸಿ ತಾಗಿಲ್ಲ. ಮುರಿದು ಚುಕ್ಕಿಗಳಾಗಿದ್ದರೆ ಚೆನ್ನಾಗಿ ಕಾಯಿಸಿದ್ದಾರೆ. ಕಡಿಮೆ ಉರಿಯಲ್ಲಿ ಕಾಯಿಸಿದ್ದನ್ನು ಮಾತ್ರ ಲೂಪ್‌ನಿಂದ ಹೇಳುವುದು ಕಷ್ಟ. ಅದಕ್ಕೆ ಪ್ರಯೋಗಾಲಯವೇ ಬೇಕು. ಮುಂಬೈ, ಜೈಪುರದಲ್ಲಿ ಒಳ್ಳೆಯ ಲ್ಯಾಬ್‌ಗಳಿವೆ. ವರದಿಯಲ್ಲಿ ‘ನ್ಯಾಚುರಲ್’ ಎಂಬ ಪದ ನೋಡಿ ಸುಮ್ನಾಗಬೇಡಿ, ಕಾಯಿಸಿದ ಕಲ್ಲೂ ನ್ಯಾಚುರಲ್ಲೇ. ‘ಟ್ರೀಟ್‌ಮೆಂಟ್’ ಸಾಲು ಓದಿ. ಬಿಲ್ಲಿನಲ್ಲೂ ಅದನ್ನೇ ಬರೆಸಿಕೊಳ್ಳಿ.

ಗಾಜು ತುಂಬಿದ ಕಲ್ಲು ಈಗಾಗಲೇ ನಿಮ್ಮ ಬೆರಳಲ್ಲಿದ್ದರೆ ಅಡುಗೆಮನೆಗೆ ಹೋಗುವ ಮುನ್ನ ಉಂಗುರ ತೆಗೆದಿಡಿ. ನಿಂಬೆರಸಕ್ಕೂ ಆ ಗಾಜು ಕರಗುತ್ತದೆ, ಮುಚ್ಚಿದ್ದ ಬಿರುಕು ಬಿಳಿ ಗೆರೆಯಾಗಿ ಏಳುತ್ತದೆ. ನಮ್ಮ ಮನೆಯ ಉಂಗುರವೊಂದು ಉಪ್ಪಿನಕಾಯಿ ಹಾಕಿದ ದಿನವೇ ಹಾಗಾಯಿತು. ಅಳತೆ ಸರಿಮಾಡಿಸಲು ಕೊಡುವಾಗಲೂ ಅಕ್ಕಸಾಲಿಗರಿಗೆ ಮೊದಲೇ ಹೇಳಿ, ಕಲ್ಲು ಬಿಚ್ಚಿಸಿಯೇ ಬೆಂಕಿ ತೋರಿಸಲಿ.