ಸುಟ್ಟ ಗೋದಾಮಿನಲ್ಲಿ ತರ್ಕಸಂಗ್ರಹ

ನಾನು ವಿಮಾ ಸರ್ವೇಯರ್. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಇವೇ ನನ್ನ ಕೆಲಸದ ಜಾಗ. ಮನೆ ಡೊಂಬಿವಲಿಯಲ್ಲಿ. ಓಡಾಟ ಜಾಸ್ತಿ ಭಿವಂಡಿ, ಕುರ್ಲಾ, ಮಸ್ಜಿದ್ ಬಂದರ್ ಕಡೆ. ಹೋದಲ್ಲೆಲ್ಲ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಯಾವುದು ನಿಜ, ಯಾವುದು ಸುಳ್ಳು, ಯಾವುದು ಹೇಳಿದವನಿಗೇ ಸರಿಯಾಗಿ ಗೊತ್ತಿಲ್ಲ ಎಂದು ಬೇರೆ ಮಾಡಿ ವರದಿ ಬರೆಯಬೇಕು. ಒಬ್ಬರ ಇಡೀ ಬದುಕಿನ ದುಡ್ಡು ಆ ವರದಿಯ ಮೇಲೆ ನಿಂತಿರುತ್ತದೆ.

ಈ ಕೆಲಸದಲ್ಲಿ ನನಗೆ ತುಂಬ ನೆರವಾದದ್ದು ತರ್ಕಸಂಗ್ರಹ. 17ನೇ ಶತಮಾನದ ಅನ್ನಂಭಟ್ಟ ಬರೆದ ಪುಟ್ಟ ಪುಸ್ತಕ ಅದು. ನ್ಯಾಯಶಾಸ್ತ್ರ ಕಲಿಯುವವರಿಗೆ ಇಂದಿಗೂ ಅದೇ ಮೊದಲ ಪಾಠ. ಇಲ್ಲಿ ನ್ಯಾಯ ಎಂದರೆ ಕೋರ್ಟಿನ ಕಾನೂನಲ್ಲ, ಸರಿಯಾಗಿ ತಿಳಿಯುವುದು, ತರ್ಕಿಸುವುದು ಹೇಗೆ ಎಂದು ವಿಚಾರಿಸುವ ಭಾರತೀಯ ದರ್ಶನ. ನಮ್ಮ ಕನ್ನಡ ಸಂಘದಲ್ಲಿ ಭಾನುವಾರ ಸಂಜೆ ನಿವೃತ್ತ ಮಾಷ್ಟ್ರೊಬ್ಬರು ಅದನ್ನು ಪಾಠ ಮಾಡುತ್ತಿದ್ದರು. ಎರಡನೇ ಸಾಲಿನಲ್ಲಿ ಕೂತು ಕೇಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಭಿವಂಡಿಯ ಬಟ್ಟೆ ಗೋದಾಮುಗಳೇ.

ಮೊದಲ ಪ್ರಶ್ನೆ ಸರಳ: ಈ ಮಾತು ನಿಖರವಾಗಿ ಏನು ಹೇಳುತ್ತಿದೆ? 2005ರ ಜುಲೈ 26ರಂದು ‘ಮುಂಬಯಿಯಲ್ಲಿ ಪ್ರಳಯದಂಥ ಮಳೆ’ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಸುರಿದಿತ್ತು. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಊರು ಒಂದೇ, ದಿನವೂ ಒಂದೇ. ಯಾವ ಜಾಗ, ಯಾವ ಹೊತ್ತು, ಎಷ್ಟು ಎಂದು ಬಿಡಿಸಿ ಕೇಳದೆ ನಾನು ಯಾವ ಮಾತನ್ನೂ ತೂಗಲು ಹೋಗುವುದಿಲ್ಲ.

ನಿಜವಾದ ಕಷ್ಟ ‘ಶಾರ್ಟ್ ಸರ್ಕ್ಯೂಟ್’ ಎಂಬ ಮಾತಿನದು. ನಾನು ಹೋಗುವ ಬಹಳಷ್ಟು ಗೋದಾಮುಗಳಲ್ಲಿ ಮೊದಲು ಕಿವಿಗೆ ಬೀಳುವುದು ಅದೇ. ಆಧಾರವಾಗಿ ಸುಟ್ಟ ತಂತಿಯ ತುದಿ ತೋರಿಸುತ್ತಾರೆ. ಅಲ್ಲಿ ತಾಮ್ರ ಕರಗಿ ಸಣ್ಣ ಗುಂಡು ಕಟ್ಟಿರುತ್ತದೆ. ತಾಮ್ರ ಕರಗಲು ಸುಮಾರು 1,085 ಡಿಗ್ರಿ ಸೆಲ್ಸಿಯಸ್ ಬೇಕು. ಕಿಡಿ ಹಾರದೆ ಹೀಗೆ ಆಗುತ್ತದಾ ಸಾಹೇಬ್ರೇ ಎಂದು ಕೇಳುತ್ತಾರೆ. ಕಿಡಿ ಹಾರಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾವಾಗ?

ಬೆಂಕಿ ಬೇರೆಲ್ಲೋ ಹತ್ತಿಕೊಂಡಿತು ಎಂದುಕೊಳ್ಳಿ. ಅದು ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಡುತ್ತದೆ. ಕರೆಂಟ್ ಇನ್ನೂ ಹರಿಯುತ್ತಿದ್ದರೆ ಬರಿಯ ತಂತಿಗಳು ತಾಗಿ ಅದೇ ಗುಂಡು ಕಟ್ಟುತ್ತದೆ. ಅಂದರೆ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದರೂ ಗುಂಡು ಸಿಗುತ್ತದೆ, ಬೆಂಕಿಯಿಂದ ಶಾರ್ಟ್ ಸರ್ಕ್ಯೂಟ್ ಆದರೂ ಸಿಗುತ್ತದೆ. ಎರಡೂ ಕಡೆ ಸಿಗುವ ಗುರುತನ್ನು ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ಪಂಡಿತರು, ಸವ್ಯಭಿಚಾರ ಎನ್ನುತ್ತಾರೆ. ಅವರು ಪಟ್ಟಿ ಮಾಡಿದ ಐದು ಹೇತ್ವಾಭಾಸಗಳಲ್ಲಿ, ಅಂದರೆ ಆಧಾರದಂತೆ ಕಂಡೂ ಆಧಾರವಾಗದವುಗಳಲ್ಲಿ, ಇದು ಒಂದು. ನನ್ನ ಕೆಲಸಕ್ಕೆ ಇದರಷ್ಟು ಒದಗಿದ್ದು ಇನ್ನೊಂದಿಲ್ಲ.

ಅವರ ಹಳೆಯ ಉದಾಹರಣೆ ಇದು: ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಕಂಡರೆ ಹೊಗೆ ಇದ್ದೇ ಇದೆ ಎನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಲು ಹಸಿ ಸೌದೆಯೂ ಬೇಕು. ಶಾಸ್ತ್ರದಲ್ಲಿ ಅದನ್ನು ಉಪಾಧಿ ಎನ್ನುತ್ತಾರೆ: ಮಾತಿನಲ್ಲಿ ಯಾರೂ ಹೇಳದೆ ಹಿಂದೆ ಉಳಿದುಬಿಡುವ ಷರತ್ತು. ನನ್ನ ಲೆಕ್ಕದಲ್ಲಿ ತಂತಿಯ ಗುಂಡಿಗೆ ಆ ಷರತ್ತು ‘ಆ ಹೊತ್ತಿನಲ್ಲಿ ಕರೆಂಟ್ ಇತ್ತು’ ಎಂಬುದು. ಗುಂಡು ಅದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತದೆ.

ಹಾಗಾಗಿ ಒಂದೇ ಕಡೆ ಸಿಗುವ ಗುರುತನ್ನು ಹುಡುಕುತ್ತೇನೆ. ಒಂದು ತಂತಿ ಒಂದು ಕಡೆ ಕಿಡಿ ಹಾರಿ ತುಂಡಾದರೆ ಅಲ್ಲಿಂದ ಆಚೆಗೆ ಕರೆಂಟ್ ಹೋಗುವುದಿಲ್ಲ. ಆಚೆ ಮತ್ತೆ ಕಿಡಿ ಹಾರದು. ಆದ್ದರಿಂದ ಆ ಸಾಲಿನಲ್ಲಿ ಕರೆಂಟ್ ಬರುವ ಪ್ಯಾನೆಲ್‌ನಿಂದ ಅತಿ ದೂರದ ಗುಂಡು ಸಾಮಾನ್ಯವಾಗಿ ಮೊದಲು ಆದದ್ದು. ಗೋಡೆಯ ಸುಟ್ಟ ಗುರುತೂ ಅದೇ ಕಡೆ ತಳದಿಂದ ಎದ್ದಿದೆಯೇ ಎಂದು ನೋಡುತ್ತೇನೆ. ಎರಡೂ ಹೊಂದಿದರೆ ಬರೆಯುತ್ತೇನೆ. ಹೊಂದದಿದ್ದರೆ ‘ಕಾರಣ ತೀರ್ಮಾನಿಸಲು ಆಧಾರ ಸಾಲದು’ ಎಂದು ಬರೆಯುತ್ತೇನೆ. ಈ ಸಾಲು ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಬಿಡುವುದಿಲ್ಲ.

ಕೊನೆಗೆ ಶಾರ್ಟ್ ಸರ್ಕ್ಯೂಟೇ ಕಾರಣ ಎಂದು ಬೇರೆ ದಾರಿಯಿಂದ ತಿಳಿದರೆ ಮೊದಲು ಹೇಳಿದವನು ಗೆದ್ದ ಹಾಗಲ್ಲವೇ ಎಂದು ಮಾಷ್ಟ್ರನ್ನು ಕೇಳಿದ್ದೆ. ದೂರದ ಮಂಜನ್ನು ಹೊಗೆ ಎಂದುಕೊಂಡು ಅಲ್ಲಿ ಬೆಂಕಿ ಇದೆ ಅಂದ, ಅಲ್ಲಿ ಬೆಂಕಿ ಇದ್ದೇ ಇತ್ತು, ಅವನಿಗೆ ಅದು ಗೊತ್ತಿತ್ತು ಅನ್ನುತ್ತೀರಾ ಎಂದು ಅವರು ತಿರುಗಿ ಕೇಳಿದರು. 1963ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು. ಮಾತು ನಿಜವಾದರೆ ಸಾಲದು, ಅಲ್ಲಿಗೆ ತಲುಪಿದ ದಾರಿಯೂ ನೆಟ್ಟಗಿರಬೇಕು.

ಇನ್ನು ಸಾಕ್ಷಿಗಳು. ಮಾತನ್ನು ನಂಬಬಹುದಾದವನನ್ನು ಶಾಸ್ತ್ರದಲ್ಲಿ ಆಪ್ತ ಎನ್ನುತ್ತಾರೆ. ಆಪ್ತ ಎಂದರೆ ಯಾರು ಎಂಬುದಕ್ಕೆ ಈ ದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಕೊಟ್ಟ ಲಕ್ಷಣ ನನಗೆ ಬಹಳ ಇಷ್ಟ. ವಿಷಯವನ್ನು ನೇರವಾಗಿ ಕಂಡಿರಬೇಕು, ಕಂಡ ಹಾಗೇ ಹೇಳುವ ಮನಸ್ಸಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದು ಅವನೇ ಸೇರಿಸುತ್ತಾನೆ. ಭಿವಂಡಿಯ ಒಂದು ಗೋದಾಮಿನ ವಾಚ್‌ಮನ್ ಕಲಬುರಗಿ ಕಡೆಯವರು. ಮಾಲೀಕರು, ಮ್ಯಾನೇಜರು ಎಲ್ಲ ಮಾತಾಡಿದ ಮೇಲೂ ಅವರನ್ನು ಯಾರೂ ಕರೆದಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದಾಗ, “ಹೊಗಿ ಮೊದ್ಲ ಹಿಂದಿನ ಕಿಡಕ್ಯಾಗಿಂದ ಬಂತ್ರಿ ಸಾಹೇಬ್ರ, ಮೀಟರ್ ಕಡೆ ಆಗ ಏನೂ ಇರಲಿಲ್ರಿ” ಅಂದರು. ರಾತ್ರಿ ಅಲ್ಲಿದ್ದವರು ಅವರೊಬ್ಬರೇ. ಯಾವ ಕಡೆ ಹೇಳಿದರೂ ಅವರಿಗೆ ಲಾಭವಿರಲಿಲ್ಲ. ಸುಟ್ಟ ಗುರುತೂ ಹಿಂದಿನ ಗೋಡೆಯಲ್ಲೇ ಸಿಕ್ಕಿತು.

ಎಷ್ಟು ಸರಕು ಸುಟ್ಟಿತು ಎಂಬಲ್ಲಿ ಮೀಮಾಂಸಕರ, ಅಂದರೆ ವೇದವಾಕ್ಯಗಳ ಅರ್ಥ ವಿಚಾರಿಸುವ ಇನ್ನೊಂದು ದರ್ಶನದವರ, ಅನುಪಲಬ್ಧಿ ಕೆಲಸಕ್ಕೆ ಬರುತ್ತದೆ. ಕಾಣದಿರುವುದರಿಂದಲೇ ಇಲ್ಲ ಎಂದು ತಿಳಿಯುವುದು ಅದು. ಬಿಗಿಯಾಗಿ ಕಟ್ಟಿದ ಬಟ್ಟೆಯ ಗಂಟು ಹೊರಗಿನಿಂದ ಸುಡುತ್ತಾ ಬರುತ್ತದೆ. ಒಳಗೆ ಗಾಳಿ ಕಡಿಮೆ, ಹಾಗಾಗಿ ಎಷ್ಟೋ ಸಲ ತಿರುಳು ಉಳಿದಿರುತ್ತದೆ. ಸಾಲುಗಟ್ಟಲೆ ಗಂಟುಗಳಿದ್ದವು ಎನ್ನುವ ಮೂಲೆಯಲ್ಲಿ ಒಂದೂ ತಿರುಳಿಲ್ಲ, ನೆಲವೂ ಹೆಚ್ಚು ಕಪ್ಪಾಗಿಲ್ಲ ಎಂದರೆ ಪ್ರಶ್ನೆ ಏಳುತ್ತದೆ. ಆದರೆ ಮೀಮಾಂಸಕರು ಒಂದು ಷರತ್ತು ಇಟ್ಟಿದ್ದಾರೆ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿ ಇರಬೇಕು. ಜೆಸಿಬಿ ತಂದು ಅವಶೇಷ ಎತ್ತಿದ್ದರೆ, ಬೆಂಕಿ ದಿನಗಟ್ಟಲೆ ಒಳಗೇ ಉರಿದಿದ್ದರೆ, ತಿರುಳು ಕಾಣದಿರುವುದು ಏನನ್ನೂ ಹೇಳುವುದಿಲ್ಲ. ಈ ಷರತ್ತನ್ನು ಮರೆತರೆ ಪ್ರಾಮಾಣಿಕ ವ್ಯಾಪಾರಿಗೆ ಅನ್ಯಾಯವಾಗುತ್ತದೆ. ಅದಕ್ಕೇ ಫೈರ್ ಬ್ರಿಗೇಡ್ ಹೋದ ಮೇಲೆ ಯಾರು ಏನನ್ನು ಸರಿಸಿದರು ಎಂದು ಮೊದಲು ವಿಚಾರಿಸುತ್ತೇನೆ. ಜಿಎಸ್‌ಟಿ ಬಿಲ್, ಸ್ಟಾಕ್ ರಿಜಿಸ್ಟರ್ ಆಮೇಲೆ.

ವರದಿಯ ಕರಡಿನಲ್ಲಿ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಅಕ್ಷರ ಹಾಕುತ್ತೇನೆ. ನಾನೇ ಕಂಡದ್ದಕ್ಕೆ ‘ಪ್ರ’ (ಪ್ರತ್ಯಕ್ಷ), ಊಹಿಸಿದ್ದಕ್ಕೆ ‘ಅ’ (ಅನುಮಾನ), ಬೇರೆಯವರು ಹೇಳಿದ್ದಕ್ಕೆ ‘ಶ’ (ಶಬ್ದ). ಅಕ್ಷರ ಹಾಕಲಾಗದ ವಾಕ್ಯವನ್ನು ಹೊಡೆದು ಹಾಕುತ್ತೇನೆ. ಈಗ ಜೊತೆಗೆ ಕೆಲಸ ಕಲಿಯುವ ಹುಡುಗರಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ.

ಅವರಲ್ಲೊಬ್ಬ ಸಿಸಿಟಿವಿ ವಿಡಿಯೊಗೆ ‘ಪ್ರ’ ಹಾಕಿದ್ದ. ಕಣ್ಣಾರೆ ನೋಡಿದ್ದೀನಲ್ಲ ಸರ್ ಅಂದ. ನಾನು ಅದನ್ನು ‘ಶ’ ಎಂದೇ ಹಿಡಿಯುತ್ತೇನೆ. ವಿಡಿಯೊ ದಾಖಲಿಸುವ ಆ ಡಿವಿಆರ್ ಪೆಟ್ಟಿಗೆಯೂ ಒಬ್ಬ ಸಾಕ್ಷಿ. ಅದರ ಗಡಿಯಾರ ಇಟ್ಟವರು ಯಾರು, ಕರೆಂಟ್ ಹೋಗಿ ಬಂದಾಗ ಸಮಯ ಹಿಂದೆ ಬಿತ್ತಾ, ಕ್ಯಾಮೆರಾ ತಿರುಗಿಸಿದವರು ಯಾರು ಎಂದು ಅದನ್ನೂ ಕೇಳಬೇಕು. ಹಾಗಾಗಿ ಡಿವಿಆರ್ ಸುಡದೆ ಉಳಿದಿದ್ದರೆ ಮೊದಲು ಅದರ ಸಮಯವನ್ನು ನನ್ನ ಮೊಬೈಲ್ ಸಮಯದ ಜೊತೆ ಹೋಲಿಸಿ, ಎಷ್ಟು ನಿಮಿಷದ ವ್ಯತ್ಯಾಸ ಇದೆ ಎಂದು ಮಾಲೀಕರ ಎದುರೇ ಬರೆದುಕೊಂಡು, ಅವರ ಸಹಿ ತೆಗೆದುಕೊಳ್ಳುತ್ತೇವೆ. ವಿಡಿಯೊ ನೋಡುವುದು ಆಮೇಲೆ.